ಹೊರಗಿನ ಗಿರಾಕಿ, ಊರಿನ ತಾಳ್ಮೆ: ಕಲಬುರಗಿಯ ಅನುವಾದಕಿಯೊಬ್ಬರ ಬಾಕಿ ಹಣದ ಪ್ರಕರಣ

ಹಿನ್ನೆಲೆ

ಕಲಬುರಗಿಯಲ್ಲಿ ಸ್ವತಂತ್ರವಾಗಿ ಅನುವಾದ ಮಾಡಿ ಬದುಕುವವರಿಗೆ ನ್ಯಾಯಾಲಯದ ಕೆಲಸ ಒಂದು ಮುಖ್ಯ ಆಧಾರ. ನಿಜಾಮರ ಆಳ್ವಿಕೆಯ ಕಾಲದ ಭೂದಾಖಲೆಗಳು ಉರ್ದುವಿನಲ್ಲಿವೆ, ಇಂದಿನ ಪಹಣಿ, ಪಂಚನಾಮೆ, ಮಾರಾಟ ಪತ್ರಗಳು ಕನ್ನಡದಲ್ಲಿವೆ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಕಾಯಂ ಆದ ಇಲ್ಲಿನ ಹೈಕೋರ್ಟ್ ಪೀಠಕ್ಕೆ ಹೋಗುವ ಕಡತಗಳಲ್ಲಿ ಇವುಗಳ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ಈ ಕೆಲಸದಲ್ಲಿ ಲಿಖಿತ ಒಪ್ಪಂದ ಎಂಬುದು ಬಹುಮಟ್ಟಿಗೆ ಇಲ್ಲ. ವಕೀಲರ ಗುಮಾಸ್ತರು ಕಾಗದಗಳನ್ನು ತಂದು ಕೊಡುತ್ತಾರೆ, ಹಣ ಕೇಳಿದರೆ "ಮುಂದಿನ ತಾರೀಖಿಗೆ ಕೊಡ್ತೀನ್ರಿ ಮೇಡಂ" ಎನ್ನುತ್ತಾರೆ, ತಡವಾದರೂ ಕೊಡುತ್ತಾರೆ. ನಾಳೆ ಅದೇ ಆವರಣದಲ್ಲಿ ಮತ್ತೆ ಎದುರಾಗಬೇಕೆಂಬ ಅರಿವು ಇಬ್ಬರಿಗೂ ಇರುವುದರಿಂದ ಲೆಕ್ಕ ಹೇಗೋ ಸರಿಹೋಗುತ್ತದೆ.

ಈ ಪ್ರಕರಣದ ಅನುವಾದಕಿ ಹಲವು ವರ್ಷ ಇದೇ ಕೆಲಸ ಮಾಡಿದವರು. ಕನ್ನಡ, ಇಂಗ್ಲಿಷ್, ಉರ್ದು ಮೂರರಲ್ಲೂ ಪಳಗಿದ ಕೈ. 2023ರ ಹೊತ್ತಿಗೆ ಅವರು ಇಂಟರ್ನೆಟ್ ಮೂಲಕ ಬರುವ ಕೆಲಸವನ್ನೂ ಒಪ್ಪಿಕೊಳ್ಳತೊಡಗಿದ್ದರು. ಅವರ ಅನುಮತಿ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಎದುರು ಪಕ್ಷದ ಸಂಸ್ಥೆಯ ಹೆಸರನ್ನೂ ಊರನ್ನೂ ಬಿಟ್ಟಿದ್ದೇನೆ. ಅದೇ ವೃತ್ತಿಯವನಾದ ನನ್ನ ಬಳಿ ಅವರು ಸಲಹೆಗೆ ಬಂದದ್ದು ಸಂಗತಿ ಅರ್ಧ ದಾರಿಗೆ ಬಂದ ಮೇಲೆ. ಅದಕ್ಕೆ ಹಿಂದಿನದನ್ನು ಅವರ ಪತ್ರವ್ಯವಹಾರ ಓದಿ ತಿಳಿದುಕೊಂಡೆ.

ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಅನುವಾದಕರನ್ನು ಕಾಡುವವರಲ್ಲಿ ಶುದ್ಧ ಕಳ್ಳರೂ ಇದ್ದಾರೆ. ಕೆಲಸ ಕೊಡಲು ಠೇವಣಿ ಕೇಳುವವರು, ಒಪ್ಪಿದ್ದಕ್ಕಿಂತ ಹೆಚ್ಚು ಮೊತ್ತದ ಚೆಕ್ ಕಳಿಸಿ ಉಳಿದದ್ದನ್ನು ವಾಪಸು ಹಾಕಿ ಎನ್ನುವವರು, ಹಣ ಪಡೆಯಲು ಯುಪಿಐ ಪಿನ್ ಒತ್ತಿ ಎನ್ನುವವರು ಈ ಗುಂಪಿನವರು. ಇಂಥವರಿಗೆ ಹಣ ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆದರೆ ನಮ್ಮವರಲ್ಲಿ ಹೆಚ್ಚಿನವರು ಇವರನ್ನು ಈಗ ಗುರುತಿಸಬಲ್ಲರು. ಗುರುತಿಸಲು ಕಷ್ಟವಾಗುವವರು ಬೇರೆ ಬಗೆಯವರು. ಅವರದು ನಿಜವಾದ ಕಂಪನಿ, ನಿಜವಾದ ಕೆಲಸ. ಕೆಲವರಿಗೆ ಹಣವನ್ನೂ ಕೊಡುತ್ತಾರೆ, ಯಾರು ಬಿಗಿಯಾಗಿ ಕೇಳುವುದಿಲ್ಲವೋ ಅವರಿಗೆ ಮಾತ್ರ ಕೊಡುವುದಿಲ್ಲ. ಈ ಪ್ರಕರಣ ಆ ಬಗೆಯದು.

ಬಾಕಿ ಬೆಳೆದ ಬಗೆ

2023ರ ಅಕ್ಟೋಬರಿನಲ್ಲಿ ಹೊರರಾಜ್ಯದ ಅನುವಾದ ಸಂಸ್ಥೆಯೊಂದರ ಸಂಯೋಜಕರಿಂದ ಇ-ಮೇಲ್ ಬಂತು. ಆರೋಗ್ಯ ಕಾರ್ಯಕರ್ತರ ತರಬೇತಿ ಪುಸ್ತಕವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು, ಪದಕ್ಕೆ ಒಂದೂಕಾಲು ರೂಪಾಯಿ, ಮೊದಲು ಮಾದರಿಯಾಗಿ ಎರಡು ಪುಟ ಮಾಡಿ ಕಳಿಸಿ ಎಂಬುದು ಅದರ ಸಾರ. ಇ-ಮೇಲ್ ವಿಳಾಸ ಸಂಸ್ಥೆಯದಲ್ಲ, ಖಾಸಗಿ ಜಿಮೇಲ್. ಕಾಗದದ ತಲೆಯಲ್ಲಿ ಸಂಸ್ಥೆಯ ಹೆಸರು ಮಾತ್ರ ಇತ್ತು, ವಿಳಾಸವಿರಲಿಲ್ಲ. ಕಂಪನಿಗಳ ಕಾಯ್ದೆ 2013ರ 12ನೇ ಸೆಕ್ಷನ್ ಪ್ರಕಾರ ಪ್ರತಿ ಕಂಪನಿಯೂ ತನ್ನ ವ್ಯವಹಾರದ ಪತ್ರಗಳಲ್ಲಿ ನೋಂದಾಯಿತ ಕಚೇರಿಯ ವಿಳಾಸವನ್ನೂ ಕಂಪನಿ ಗುರುತಿನ ಸಂಖ್ಯೆಯನ್ನೂ ಮುದ್ರಿಸಲೇಬೇಕು ಎಂಬುದು ಅನುವಾದಕಿಗೆ ಆಗ ಗೊತ್ತಿರಲಿಲ್ಲ. ನನಗೆ ಗೊತ್ತಿರುವ ಅನುವಾದಕರಲ್ಲಿ ಬಹಳ ಜನರಿಗೆ ಇದು ತಿಳಿದಿಲ್ಲ.

ಮಾದರಿ ಪುಟಗಳನ್ನು ಉಚಿತವಾಗಿ ಮಾಡಿಕೊಟ್ಟರು. ಅದೇ ವಾರ ಬೀದರಿನ ಪರಿಚಿತ ಅನುವಾದಕರೊಬ್ಬರ ಜೊತೆ ಫೋನಿನಲ್ಲಿ ಮಾತನಾಡುವಾಗ ಅವರಿಗೂ ಅದೇ ಸಂಸ್ಥೆಯಿಂದ ಮಾದರಿ ಬಂದಿತ್ತೆಂದು ತಿಳಿಯಿತು. ಇಬ್ಬರೂ ಪುಟಗಳನ್ನು ಹೋಲಿಸಿ ನೋಡಿದಾಗ ಒಬ್ಬರ ತುಣುಕು ಮುಗಿದ ಉಪಶೀರ್ಷಿಕೆಯ ಸಂಖ್ಯೆಯ ಮುಂದಿನದರಿಂದಲೇ ಇನ್ನೊಬ್ಬರದು ಶುರುವಾಗಿತ್ತು. ಸಾಮರ್ಥ್ಯ ಪರೀಕ್ಷೆಯಾದರೆ ಎಲ್ಲರಿಗೂ ಒಂದೇ ಪಠ್ಯ ಕೊಟ್ಟು ಹೋಲಿಸುವುದು ಸಹಜ. ಬೇರೆ ಬೇರೆ ಜನರಿಗೆ ಒಂದೇ ಅಧ್ಯಾಯದ ಮುಂದುವರಿದ ಭಾಗಗಳನ್ನು ಹಂಚಿದರೆ ಅಧ್ಯಾಯವೇ ಉಚಿತವಾಗಿ ಅನುವಾದವಾಗುತ್ತದೆ. ಬೀದರಿನವರು ಅಲ್ಲಿಗೇ ನಿಲ್ಲಿಸಿದರು. ಅನುವಾದಕಿ ಮಾತ್ರ ಕಾಕತಾಳೀಯ ಇರಬಹುದೆಂದು ಮುಂದುವರಿದರು. ಈ ಪ್ರಕರಣದ ಮೊದಲ ತಿರುವು ಇದೇ ಎಂದು ನನ್ನ ಎಣಿಕೆ. ಅನುಮಾನಕ್ಕೆ ಸಾಕ್ಷಿ ಕೈಯಲ್ಲಿತ್ತು, ಆದರೆ ಅದನ್ನು ಮುಂದಿಟ್ಟು ಪ್ರಶ್ನೆ ಕೇಳುವುದು ಅಗೌರವವಾದೀತೆಂಬ ಸಂಕೋಚ ಅಡ್ಡ ಬಂತು.

ನವೆಂಬರಿನಲ್ಲಿ 26,000 ಪದಗಳ ಮೊದಲ ಕಂತು ಮುಗಿಸಿ 32,500 ರೂಪಾಯಿಯ ಬಿಲ್ ಕಳಿಸಿದರು. ಪರ್ಚೇಸ್ ಆರ್ಡರ್ (ಕೆಲಸದ ಲಿಖಿತ ಆದೇಶ) ಕೇಳಿದ್ದಕ್ಕೆ "ಹಣಕಾಸು ವಿಭಾಗದ ಒಪ್ಪಿಗೆ ಬರಬೇಕು, ನೀವು ಕೆಲಸ ನಿಲ್ಲಿಸಬೇಡಿ" ಎಂಬ ಉತ್ತರ ಬಂತು. ಮೊದಲ ಬಿಲ್ಲಿನ ಹಣ ಬರುವ ಮುನ್ನವೇ ಡಿಸೆಂಬರಿನಲ್ಲಿ 34,000 ಪದಗಳ ಎರಡನೆಯ ಕಂತನ್ನು ಕೊಟ್ಟರು, ಅದರ ಬಿಲ್ 42,500 ರೂಪಾಯಿ. ಮೊದಲೆರಡು ಕಂತುಗಳಿಗೆ ದರ ಮತ್ತು ಪದಸಂಖ್ಯೆ ನಮೂದಿಸಿ ಕೆಲಸ ಆರಂಭಿಸಿ ಎಂದ ಇ-ಮೇಲ್‌ಗಳಿದ್ದವು. ಜನವರಿಯಲ್ಲಿ ಮೂರನೆಯ ಕಂತಿನ 16,000 ಪದಗಳ ಕೆಲಸ ಬಂದದ್ದು ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶದ ಮೂಲಕ, ಅದರಲ್ಲಿ ದರದ ಪ್ರಸ್ತಾಪವೇ ಇರಲಿಲ್ಲ.

ಹಣ ಕೇಳಿದಾಗಲೆಲ್ಲ ಸಂಯೋಜಕರು ವಿನಯದಿಂದಲೇ ಮಾತನಾಡುತ್ತಿದ್ದರು. ಅನುವಾದಕಿಯೂ ವಕೀಲರ ಗುಮಾಸ್ತರಿಗೆ ತೋರುವ ತಾಳ್ಮೆಯನ್ನೇ ಇಲ್ಲಿಯೂ ತೋರಿದರು. ಊರಿನ ವ್ಯವಹಾರದಲ್ಲಿ ಆ ತಾಳ್ಮೆಗೆ ಬೆಲೆಯಿದೆ, ಏಕೆಂದರೆ ಅದರ ಹಿಂದೆ ಪರಿಚಯ, ಮಾನ, ಮತ್ತೆ ಭೇಟಿಯಾಗುವ ಅನಿವಾರ್ಯತೆ ಇವೆಲ್ಲ ಇವೆ. ಇವು ಯಾವುವೂ ಇಲ್ಲದ ಕಡೆ ಅದೇ ತಾಳ್ಮೆ ಎದುರಿನವರಿಗೆ ಬಡ್ಡಿಯಿಲ್ಲದ ಸಾಲವಾಗುತ್ತದೆ. ನಮ್ಮ ಭಾಗದ ಅನುವಾದಕರು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂಬುದೇ ನಾನು ಈ ಪ್ರಕರಣವನ್ನು ಬರೆಯಲು ಕಾರಣ.

ಜನವರಿಯ ಕೊನೆಯಲ್ಲಿ ಅನುವಾದಕಿ ಸ್ವಲ್ಪ ಗಟ್ಟಿಯಾಗಿ ಕೇಳಿದೊಡನೆ ಮಾತಿನ ಧಾಟಿ ಬದಲಾಯಿತು. ನವೆಂಬರಿನಲ್ಲಿ ಕೊಟ್ಟ ಕೆಲಸದ ಗುಣಮಟ್ಟ ಸರಿಯಿಲ್ಲ, ಒಟ್ಟು ಮೊತ್ತದಲ್ಲಿ ಶೇ 40ರಷ್ಟನ್ನು ಕಡಿತ ಮಾಡಬೇಕಾಗುತ್ತದೆ ಎಂದು ಇ-ಮೇಲ್ ಬಂತು. ಯಾವ ಪುಟದಲ್ಲಿ ಯಾವ ದೋಷ ಎಂಬುದರ ಒಂದು ಉದಾಹರಣೆಯೂ ಅದರಲ್ಲಿರಲಿಲ್ಲ.

ಏನೇನು ಮಾಡಲಾಯಿತು

ಅವರು ನನ್ನ ಬಳಿ ಬಂದದ್ದು ಈ ಹಂತದಲ್ಲಿ. ಮೂರನೆಯ ಕಂತಿನಲ್ಲಿ ಅರ್ಧವನ್ನು ಆಗಲೇ ಕಳಿಸಿಯಾಗಿತ್ತು, ಉಳಿದ 8,000 ಪದಗಳ ಕೆಲಸ ಮುಗಿದು ಅವರ ಕಂಪ್ಯೂಟರಿನಲ್ಲೇ ಇತ್ತು. ಅದನ್ನು ಕಳಿಸದಿರಿ ಎಂಬುದು ನನ್ನ ಮೊದಲ ಸಲಹೆ. ಕೆಲಸ ಪೂರ್ಣಗೊಳಿಸಿದರೆ ಅವರಿಗೆ ನಮ್ಮ ಮೇಲೆ ಒಳ್ಳೆಯ ಅಭಿಪ್ರಾಯ ಬಂದೀತು ಎಂದು ಅನುವಾದಕಿ ವಾದಿಸಿದರು. ಹಣ ಕೊಡದವರ ಒಳ್ಳೆಯ ಅಭಿಪ್ರಾಯದಿಂದ ನಮಗೆ ಆಗಬೇಕಾದ್ದೇನೂ ಇಲ್ಲ ಎಂಬುದನ್ನು ಒಪ್ಪಿಸಲು ಸಮಯ ಹಿಡಿಯಿತು.

ಸಂಸ್ಥೆಯ ಹೆಸರನ್ನು ಫೇಸ್‌ಬುಕ್‌ನಲ್ಲಿ ಬರೆಯಬೇಕೆಂದು ಕೆಲವು ಗೆಳತಿಯರು ಸೂಚಿಸಿದ್ದರು. ಪುಸ್ತಕವನ್ನು ಮಾಡಿಸುತ್ತಿದ್ದ ಮೂಲ ಸಂಸ್ಥೆಯ ಹೆಸರು ಕಡತದಲ್ಲಿಯೇ ಇದ್ದುದರಿಂದ ಅವರಿಗೆ ನೇರವಾಗಿ ದೂರು ಕೊಡುವ ಯೋಚನೆಯೂ ಇತ್ತು. ಎರಡನ್ನೂ ಸದ್ಯಕ್ಕೆ ಬೇಡವೆಂದು ನಿರ್ಧರಿಸಿದೆವು. ಮೊದಲನೆಯದರಲ್ಲಿ ಮಾನನಷ್ಟದ ಮೊಕದ್ದಮೆಯ ಅಪಾಯ, ಎರಡನೆಯದರಲ್ಲಿ ಗೋಪ್ಯತೆ ಮುರಿದಿರಿ ಎಂಬ ಆರೋಪಕ್ಕೆ ಅವಕಾಶ. ಅಲ್ಲದೆ ಬೆದರಿಕೆ ಹೇಳುವವರೆಗೆ ಮಾತ್ರ ಬೆದರಿಕೆ, ಮಾಡಿದ ಮೇಲೆ ಅದರ ಬಲ ತೀರಿತು.

ಮುಂದಿನ ಕೆಲಸ ಎದುರಿನವರು ಯಾರೆಂದು ತಿಳಿಯುವುದು. ಬಿಲ್ ಬರೆಯಲು ಸಂಯೋಜಕರು ಕೊಟ್ಟಿದ್ದ ಜಿಎಸ್‌ಟಿ ಸಂಖ್ಯೆ ಇತ್ತು. ಹದಿನೈದು ಅಕ್ಷರಾಂಕಗಳ ಆ ಸಂಖ್ಯೆಯಲ್ಲಿ ಮೊದಲ ಎರಡು ರಾಜ್ಯವನ್ನು ಸೂಚಿಸುತ್ತವೆ (ಕರ್ನಾಟಕಕ್ಕೆ 29), ನಂತರದ ಹತ್ತು ಆ ವ್ಯಾಪಾರದ ಪ್ಯಾನ್ ಸಂಖ್ಯೆ. ಜಿಎಸ್‌ಟಿ ಜಾಲತಾಣದಲ್ಲಿ ಯಾರು ಬೇಕಾದರೂ ಅದನ್ನು ಹಾಕಿ ಕಾನೂನುಬದ್ಧ ಹೆಸರು, ವ್ಯಾಪಾರದ ಹೆಸರು, ನೋಂದಣಿ ಜಾರಿಯಲ್ಲಿದೆಯೇ ಇಲ್ಲವೇ ಎಂಬುದನ್ನು ನೋಡಬಹುದು. ನೋಡಿದಾಗ ಇ-ಮೇಲ್‌ನಲ್ಲಿದ್ದ ಹೆಸರು ವ್ಯಾಪಾರದ ಹೆಸರಷ್ಟೇ ಎಂದೂ ಅದರ ಹಿಂದೆ ಬೇರೆ ಹೆಸರಿನ ಖಾಸಗಿ ನಿಯಮಿತ ಕಂಪನಿ ಇದೆ ಎಂದೂ ತಿಳಿಯಿತು. ಆ ಹೆಸರಿನಿಂದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಂದಾಯಿತ ಕಚೇರಿಯ ವಿಳಾಸ ಸಿಕ್ಕಿತು. ಇಷ್ಟು ಹುಡುಕಾಟವನ್ನು ಅಕ್ಟೋಬರಿನಲ್ಲಿಯೇ ಮಾಡಿದ್ದರೆ ಯಾರೊಡನೆ ವ್ಯವಹರಿಸುತ್ತಿದ್ದೇವೆ ಎಂಬುದು ಮೊದಲೇ ಗೊತ್ತಿರುತ್ತಿತ್ತು.

ಪ್ರಕರಣದ ದಿಕ್ಕು ಬದಲಾದದ್ದು ಫೆಬ್ರವರಿಯಲ್ಲಿ, ಅನುವಾದಕಿಯ ಆದಾಯ ತೆರಿಗೆ ಖಾತೆಯಲ್ಲಿ, ಅವರ ಹೆಸರಿನಲ್ಲಿ ಹಿಡಿದ ತೆರಿಗೆಯ ವಿವರವಿರುವ 26ಎಎಸ್ ಪಟ್ಟಿಯನ್ನು ತೆಗೆದು ನೋಡಿದಾಗ. ವೃತ್ತಿ ಸೇವೆಯ ಶುಲ್ಕದ ಮೇಲೆ ಶೇ 10ರಷ್ಟು ಟಿಡಿಎಸ್ (ಹಣ ಕೊಡುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕೆಂದು ಆಗಿನ 194ಜೆ ಸೆಕ್ಷನ್ ಹೇಳುತ್ತಿತ್ತು. ಆ ವರ್ಷ 30,000 ರೂಪಾಯಿ ಮೀರಿದ ಶುಲ್ಕಕ್ಕೆ ಅದು ಅನ್ವಯಿಸುತ್ತಿತ್ತು. ಹಣ ಕೊಟ್ಟಾಗ ಅಥವಾ ಲೆಕ್ಕದ ಪುಸ್ತಕದಲ್ಲಿ ಪಡೆಯುವವರ ಹೆಸರಿಗೆ ಜಮೆ ಬರೆದಾಗ, ಎರಡರಲ್ಲಿ ಯಾವುದು ಮೊದಲೋ ಆಗ ಕಡಿತವಾಗಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತ್ರೈಮಾಸಿಕದ ವಿವರವನ್ನು ಕಂಪನಿ ಜನವರಿ 31ರೊಳಗೆ ಸಲ್ಲಿಸಬೇಕು. ಪಟ್ಟಿಯಲ್ಲಿ ಆ ಕಂಪನಿಯ ಹೆಸರಿನ ಮುಂದೆ 75,000 ರೂಪಾಯಿ ಮೊತ್ತವೂ 7,500 ರೂಪಾಯಿ ಕಡಿತವೂ ಸ್ಪಷ್ಟವಾಗಿ ಇದ್ದವು. ಎರಡೂ ಬಿಲ್‌ಗಳ ಪೂರ್ಣ ಮೊತ್ತವನ್ನು, ಒಂದು ರೂಪಾಯಿಯನ್ನೂ ಕಡಿಮೆ ಮಾಡದೆ, ಕಂಪನಿ ತನ್ನ ಖರ್ಚಾಗಿ ಬರೆದುಕೊಂಡಿತ್ತು. ಅನುವಾದಕಿಗೆ ಒಂದು ಪೈಸೆಯೂ ಬಂದಿರಲಿಲ್ಲ. ಗುಣಮಟ್ಟ ಸರಿಯಿಲ್ಲವೆಂದು ಸಂಯೋಜಕರು ಬರೆದ ವಾರದಲ್ಲೇ ಅದೇ ಕಂಪನಿ ಸರ್ಕಾರಕ್ಕೆ ಪೂರ್ಣ ಬಿಲ್ ಒಪ್ಪಿದ ಲೆಕ್ಕ ಕೊಟ್ಟಿತ್ತು.

ಇನ್ನೊಂದು ಅನುಕೂಲ ಅವರ ಬಳಿ ಇತ್ತು, ಆದರೆ ಅದರ ಬಲ ಅವರಿಗೆ ತಿಳಿದಿರಲಿಲ್ಲ. 2022ರಲ್ಲಿ ಬ್ಯಾಂಕಿನವರ ಮಾತಿನ ಮೇಲೆ ಅವರು ಸಣ್ಣ ಉದ್ಯಮಗಳಿಗೆಂದು ಇರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿದ್ದರು. ಅದಕ್ಕೆ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಿಂದಲೇ ಮಾಡಬಹುದು, ಸೇವೆ ನೀಡುವ ಒಬ್ಬ ವ್ಯಕ್ತಿಯೂ ಸೂಕ್ಷ್ಮ ಉದ್ಯಮವಾಗಿ ನೋಂದಾಯಿಸಿಕೊಳ್ಳಬಹುದು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ 2006ರ 15ನೇ ಸೆಕ್ಷನ್ ಪ್ರಕಾರ ಹೀಗೆ ನೋಂದಾಯಿಸಿಕೊಂಡ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಒಪ್ಪಂದದಲ್ಲಿ ಏನೇ ಬರೆದಿರಲಿ, 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ 16ನೇ ಸೆಕ್ಷನ್ ಪ್ರಕಾರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದೆಲ್ಲಕ್ಕಿಂತ ನಮಗೆ ನೆರವಾದದ್ದು ಅದೇ ಕಾಯ್ದೆಯ ವ್ಯಾಖ್ಯೆಯ ಭಾಗ. ಕೆಲಸ ತಲುಪಿದ 15 ದಿನದೊಳಗೆ ಲಿಖಿತ ಆಕ್ಷೇಪ ಬರದಿದ್ದರೆ ಅದನ್ನು ಸ್ವೀಕರಿಸಿದಂತೆಯೇ ಎಣಿಸಲಾಗುತ್ತದೆ. ನವೆಂಬರಿನ ಕೆಲಸದ ಮೇಲೆ ಜನವರಿಯ ಕೊನೆಗೆ ಎತ್ತಿದ ಆಕ್ಷೇಪ ಅಲ್ಲಿಗೇ ಬಿದ್ದುಹೋಯಿತು. ಆದರೆ ಒಂದು ಎಚ್ಚರಿಕೆ: ನೋಂದಣಿ ಕೆಲಸ ಒಪ್ಪಿಕೊಳ್ಳುವ ಮುನ್ನವೇ ಆಗಿದ್ದರೆ ಕ್ಷೇಮ. ಬಾಕಿ ಬಿದ್ದ ಮೇಲೆ ನೋಂದಾಯಿಸಿಕೊಂಡು ಹಿಂದಿನದಕ್ಕೆ ಅನ್ವಯಿಸಲು ಹೋದವರಿಗೆ ನ್ಯಾಯಾಲಯಗಳಲ್ಲಿ ಸೋಲಾಗಿದೆ.

ಈ ಆಧಾರಗಳ ಮೇಲೆ ನೋಟಿಸ್ ಸಿದ್ಧವಾಯಿತು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ದೊರೆಯುತ್ತದೆ. ಜಿಲ್ಲಾ ಪ್ರಾಧಿಕಾರದ ಮೂಲಕ ದೊರೆತ ವಕೀಲರು ಕರಡನ್ನು ತಿದ್ದಿಕೊಟ್ಟರು. ಅದರಲ್ಲಿ ಬಿಲ್‌ಗಳ ವಿವರ, ಕಡತ ತಲುಪಿಸಿದ ದಿನಾಂಕಗಳು, 26ಎಎಸ್ ನಮೂದು, 15 ಮತ್ತು 16ನೇ ಸೆಕ್ಷನ್‌ಗಳ ಉಲ್ಲೇಖ ಇದ್ದವು. ಜೊತೆಗೆ ಕೃತಿಸ್ವಾಮ್ಯದ ಮಾತನ್ನೂ ಸೇರಿಸಿದೆವು. ಕೃತಿಸ್ವಾಮ್ಯ ಕಾಯ್ದೆ 1957ರಂತೆ ನೌಕರರಲ್ಲದ ಅನುವಾದಕರ ಹಕ್ಕು ತಾನಾಗಿಯೇ ಕಂಪನಿಗೆ ಹೋಗುವುದಿಲ್ಲ. ವರ್ಗಾವಣೆಗೆ ಸಹಿ ಮಾಡಿದ ಬರಹ ಬೇಕೆಂದು 19ನೇ ಸೆಕ್ಷನ್ ಹೇಳುತ್ತದೆ. ಅಂಥ ಬರಹ ಇಲ್ಲಿ ಇರಲೇ ಇಲ್ಲ. ಪೂರ್ಣ ಹಣ ಬರುವವರೆಗೆ ಅನುವಾದದ ಹಕ್ಕನ್ನು ಬಿಟ್ಟುಕೊಡುವುದಿಲ್ಲವೆಂದು ಸ್ಪಷ್ಟವಾಗಿ ಬರೆಯಲಾಯಿತು. ಗಡುವಿನೊಳಗೆ ಹಣ ಬರದಿದ್ದರೆ ಸಮಾಧಾನ್ ಜಾಲತಾಣದ ಮೂಲಕ, ಇಂಥ ಉದ್ಯಮಗಳ ಬಾಕಿಯ ವ್ಯಾಜ್ಯ ನೋಡುವ ಸೌಲಭ್ಯ ಮಂಡಳಿಗೆ ಅರ್ಜಿ ಹಾಕುವುದಾಗಿಯೂ ತಿಳಿಸಲಾಯಿತು. ಹಣ ತಡೆದವರು ಯಾರೆಂದು ನಮಗೆ ಗೊತ್ತಿರಲಿಲ್ಲವಾದ್ದರಿಂದ ಪತ್ರವನ್ನು ಸಂಯೋಜಕರಿಗೆ ಕಳಿಸಲಿಲ್ಲ. ನೋಂದಾಯಿತ ಕಚೇರಿಗೆ, ನಿರ್ದೇಶಕರ ಹೆಸರಿಗೆ, ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು.

ಏನಾಯಿತು

ಅದುವರೆಗೆ ಕೇಳಿರದ ಲೆಕ್ಕಪತ್ರ ವಿಭಾಗದಿಂದ ಮಾರ್ಚ್ ಮೊದಲ ಭಾಗದಲ್ಲಿ ಉತ್ತರ ಬಂತು. ಗುಣಮಟ್ಟದ ಮಾತೇ ಅದರಲ್ಲಿರಲಿಲ್ಲ, ಉದ್ಯಮ್ ಪ್ರಮಾಣಪತ್ರದ ಪ್ರತಿಯನ್ನು ಮಾತ್ರ ಕೇಳಿದ್ದರು. ಆ ಆರ್ಥಿಕ ವರ್ಷದಿಂದ ಹೊಸ ನಿಯಮವೊಂದು ಲೆಕ್ಕಕ್ಕೆ ಬಂದಿತ್ತು. ಆಗಿನ ಆದಾಯ ತೆರಿಗೆ ಕಾಯ್ದೆಯ 43ಬಿ ಸೆಕ್ಷನ್‌ಗೆ ಸೇರಿಸಿದ ಎಚ್ ಉಪಖಂಡದ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಗಡುವು ಮೀರಿ ಬಾಕಿ ಉಳಿಸಿಕೊಂಡ ಹಣವನ್ನು ನಿಜವಾಗಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚೆಂದು ತೋರಿಸಬಹುದಿತ್ತು. ಮಾರ್ಚ್ 31 ದಾಟಿದರೆ ಆ 75,000 ರೂಪಾಯಿಯನ್ನು ಕಂಪನಿ ಆ ವರ್ಷದ ಖರ್ಚಿನಿಂದ ಕೈಬಿಡಬೇಕಾಗುತ್ತಿತ್ತು. ನಮ್ಮ ನೋಟಿಸಿನ ಬಲಕ್ಕಿಂತ ಈ ತಾರೀಖಿನ ಬಲವೇ ದೊಡ್ಡದಾಗಿದ್ದಿರಬಹುದು. ಏನೇ ಇರಲಿ, ತಿಂಗಳು ಮುಗಿಯುವ ಮೊದಲೇ 67,500 ರೂಪಾಯಿ ಖಾತೆಗೆ ಬಂತು. ಬಡ್ಡಿಯನ್ನು ಕೊಡಲಿಲ್ಲ, ಅನುವಾದಕಿಯೂ ಅದನ್ನು ಒತ್ತಾಯಿಸಲಿಲ್ಲ.

ಮೂರನೆಯ ಕಂತಿನ ಕಥೆ ಬೇರೆಯಾಯಿತು. ಕಂಪನಿಗೆ ಉಳಿದ 8,000 ಪದಗಳು ಬೇಕಾಗಿದ್ದವು, ಅವಿಲ್ಲದೆ ಪುಸ್ತಕ ಪೂರ್ಣವಾಗುತ್ತಿರಲಿಲ್ಲ. ಹಣ ಮೊದಲು, ಕಡತ ನಂತರ ಎಂದು ಅನುವಾದಕಿ ಈ ಬಾರಿ ಬರೆದರು. ತೆರಿಗೆ ಕಡಿತ ಹೋಗಿ 9,000 ರೂಪಾಯಿ ಎರಡೇ ದಿನದಲ್ಲಿ ಬಂತು. ಆದರೆ ಅದಕ್ಕೆ ಮುನ್ನ ಕಳಿಸಿಯಾಗಿದ್ದ ಅರ್ಧಕ್ಕೆ, ಅಂದರೆ 10,000 ರೂಪಾಯಿಗೆ, ಲಿಖಿತ ಆದೇಶವಿಲ್ಲವೆಂದು ಕಂಪನಿ ಕೈಯೆತ್ತಿತು. ಕಡತ ಕಳಿಸುವಾಗಲೇ ಹಳೆಯ ಅರ್ಧವನ್ನೂ ಸೇರಿಸಿ ಪಟ್ಟು ಹಿಡಿಯಬಹುದಿತ್ತು ಎಂದು ನಾನು ಹೇಳಿದ್ದೆ. ಕೈಗೆ ಬಂದ ಹಣವನ್ನೂ ಕಳೆದುಕೊಳ್ಳುವ ಅಂಜಿಕೆಯಿಂದ ಅವರು ಹಾಗೆ ಮಾಡಲಿಲ್ಲ, ಆ ಅಂಜಿಕೆಯನ್ನು ನಾನು ತಪ್ಪೆನ್ನಲಾರೆ. ಧ್ವನಿ ಸಂದೇಶವೂ ಸಾಕ್ಷ್ಯವೇ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ 10ಎ ಸೆಕ್ಷನ್ ವಿದ್ಯುನ್ಮಾನ ರೂಪದ ಒಪ್ಪಂದವನ್ನು ಮಾನ್ಯ ಮಾಡುತ್ತದೆ, ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು ಮೂರು ವರ್ಷದ ಕಾಲಾವಕಾಶವೂ ಇದೆ. ಆದರೆ ದರವನ್ನೇ ಹೇಳದ ಸಂದೇಶವೊಂದನ್ನು ಹಿಡಿದು 10,000 ರೂಪಾಯಿಗಾಗಿ ಅಲೆದಾಡುವುದು ಬೇಡವೆಂದು ಅವರು ಬಿಟ್ಟರು.

ಈ ಪ್ರಕರಣದಿಂದ ತಿಳಿಯುವುದು

ಒಂದೇ ಗಿರಾಕಿ, ಒಂದೇ ಅನುವಾದಕಿ, ಒಂದೇ ಪುಸ್ತಕ. ಆದರೂ ಮೂರು ಬಗೆಯ ಫಲ ಬಂತು. ದರ ಮತ್ತು ಪದಸಂಖ್ಯೆ ಇ-ಮೇಲ್‌ನಲ್ಲಿದ್ದ ಕೆಲಸಕ್ಕೆ ಹೋರಾಡಿ ಪೂರ್ಣ ಹಣ ಬಂತು. ಕೈಯಲ್ಲಿ ಉಳಿಸಿಕೊಂಡಿದ್ದ ಕೆಲಸಕ್ಕೆ ಹೋರಾಟವೇ ಇಲ್ಲದೆ ಎರಡು ದಿನದಲ್ಲಿ ಬಂತು. ಬಾಯಿಮಾತಿನ ಮೇಲೆ ಕಳಿಸಿಬಿಟ್ಟದ್ದಕ್ಕೆ ಬರಲಿಲ್ಲ. ಗಿರಾಕಿಯ ಮನಸ್ಸು ಮೂರರಲ್ಲೂ ಒಂದೇ ಆಗಿತ್ತು, ವ್ಯತ್ಯಾಸ ನಮ್ಮ ಕಡೆಯ ಸಿದ್ಧತೆಯದು. ಆದ್ದರಿಂದ ಹೊಸಬರು ಪ್ರಾಮಾಣಿಕರೋ ಅಲ್ಲವೋ ಎಂದು ಅವರ ಮಾತಿನ ನಯದಿಂದ ಅಳೆಯಲು ಹೋಗುವುದಕ್ಕಿಂತ, ಅಪ್ರಾಮಾಣಿಕರಾಗಿದ್ದರೂ ನಮಗೆ ಎಷ್ಟು ನಷ್ಟವಾದೀತೆಂಬುದಕ್ಕೆ ಮಿತಿ ಹಾಕಿಕೊಳ್ಳುವುದು ಹೆಚ್ಚು ಪ್ರಯೋಜನಕರ. ಒಂದು ವಾರದ ದುಡಿಮೆ ಬಾಕಿ ಉಳಿದರೆ ತಡೆದುಕೊಳ್ಳಬಹುದು, ಮೂರು ತಿಂಗಳ ದುಡಿಮೆ ಹೋದರೆ ಮನೆ ನಡೆಯುವುದಿಲ್ಲ.

ಅನುವಾದಕಿ ಈಗ ಹೊಸ ಗಿರಾಕಿಯ ಮೊದಲ ಇ-ಮೇಲ್‌ಗೆ ಉತ್ತರಿಸುವಾಗಲೇ ಕಂಪನಿಯ ಕಾನೂನುಬದ್ಧ ಹೆಸರು, ನೋಂದಾಯಿತ ವಿಳಾಸ, ಬಿಲ್ ಪಾವತಿಗೆ ಹೊಣೆಯಾಗುವವರ ಹೆಸರು ಕೇಳುತ್ತಾರೆ. ಮಾದರಿ ಅನುವಾದವನ್ನು ಒಂದು ಪುಟಕ್ಕಿಂತ ಹೆಚ್ಚು ಉಚಿತವಾಗಿ ಮಾಡುವುದಿಲ್ಲ. ಮೊದಲ ಕಂತನ್ನು ಚಿಕ್ಕದಾಗಿ ಒಪ್ಪಿಕೊಂಡು, ಅದರ ಹಣ ಬಂದ ಮೇಲೆಯೇ ಎರಡನೆಯದನ್ನು ಆರಂಭಿಸುತ್ತಾರೆ. ಫೋನಿನಲ್ಲಿ ಕೆಲಸ ಹೇಳಿದರೆ, ಹೇಳಿದ್ದನ್ನು ಪದಸಂಖ್ಯೆ ಮತ್ತು ದರದ ಸಮೇತ ತಾವೇ ಇ-ಮೇಲ್‌ನಲ್ಲಿ ಬರೆದು ಕಳಿಸಿ ಒಪ್ಪಿಗೆ ತರಿಸಿಕೊಳ್ಳುತ್ತಾರೆ. ಉದ್ಯಮ್ ಸಂಖ್ಯೆ ಪ್ರತಿ ಬಿಲ್ಲಿನ ಮೇಲೂ ಇರುತ್ತದೆ. ಇಷ್ಟು ಕೇಳಿದರೆ ಗಿರಾಕಿಗಳು ಓಡಿಹೋಗುತ್ತಾರೆಂಬ ಭಯ ಅವರಿಗೆ ಮೊದಲು ಇತ್ತು. ಒಂದು ಸಂಸ್ಥೆ ನಿಜಕ್ಕೂ ವಿಳಾಸ ಕೇಳಿದ ಮೇಲೆ ಉತ್ತರಿಸಲೇ ಇಲ್ಲ. ಪುಣೆಯ ಇನ್ನೊಂದು ಸಂಸ್ಥೆ ಕೇಳಿದ ಸಂಜೆಯೇ ಎಲ್ಲ ವಿವರಗಳನ್ನೂ ಪರ್ಚೇಸ್ ಆರ್ಡರನ್ನೂ ಕಳಿಸಿತು, ಈಗ ತಿಂಗಳು ತಿಂಗಳೂ ಅವರ ಕೆಲಸ ಬರುತ್ತಿದೆ.